ಕೆಳಗಿನ ಮೆಟ್ಟಿಲಿನ ಟೀವಿ

ಪ್ರತಿ ಭಾನುವಾರ ಬೆಳಗ್ಗೆ ಇಡ್ಲಿ ತಿಂದು ಕೈ ತೊಳೆದವನೇ ಶ್ರೀಕಂಠ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಐವತ್ತೊಂದು ವರ್ಷ ವಯಸ್ಸಿನ, ಬ್ಯಾಂಕಿನ ಆಡಿಟ್ ವಿಭಾಗದಲ್ಲಿ ಸೀನಿಯರ್ ಮ್ಯಾನೇಜರ್ ಆದ, ತಲೆಯ ಮೇಲೆ ಎಣಿಸುವಷ್ಟೇ ಕೂದಲು ಉಳಿದ ಮನುಷ್ಯ ಒಳಗೇನು ಮಾಡುತ್ತಿದ್ದ ಎಂದರೆ, ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಹಳೇ ಕಾಲದ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಕಟ್ಟುತ್ತಿದ್ದ. ಮಕ್ಕಳು ಒಂದರ ಮೇಲೊಂದು ಒತ್ತಿ ಮನೆ, ಕಾರು ಮಾಡುತ್ತಾರಲ್ಲ, ಅದೇ ಇಟ್ಟಿಗೆ. ತಿಪಟೂರಿನಲ್ಲಿ ಹುಡುಗನಾಗಿದ್ದಾಗ ಪಕ್ಕದ ಮನೆಯಲ್ಲಿ ಕ್ಯಾಸೆಟ್ ಹಾಕಿ ಆಡುವ ಒಂದು ಗೇಮ್ ಪೆಟ್ಟಿಗೆ ಇತ್ತು. ಎರಡು ಬೇಸಿಗೆ ರಜೆ ಪೂರ್ತಿ ಕಿಟಕಿಯ ಹೊರಗೆ ನಿಂತು ನೋಡಿದ್ದನೇ ಹೊರತು ಇವನ ಸರದಿ ಬಂದಿರಲಿಲ್ಲ. ಈಗ ಸರದಿ ಬಂದಿತ್ತು, ಆದರೆ ಬಾಗಿಲು ಹಾಕಿಕೊಂಡು.

“ರೀ, ಗ್ಯಾಸಿನವನು ಬಂದಿದಾನೆ. ಸಿಲಿಂಡರ್ ಒಳಗಿಡಿಸ್ಕೊಳ್ಳಿ,” ಎಂದು ಹೆಂಡತಿ ಸುಲೋಚನಾ ಕೂಗಿದರೆ ಒಳಗಿನಿಂದ “ಐದು ನಿಮಿಷ” ಎಂದು ಉತ್ತರ ಬರುತ್ತಿತ್ತು.

“ಅವರ ಐದು ನಿಮಿಷದಲ್ಲಿ ನಾನು ಹುಳಿ ಕುದಿಸಿ ಇಳಿಸಿರ್ತೀನಿ. ಅತ್ತೆ, ನನ್ನ ಒಗ್ಗರಣೆ ಡಬ್ಬಿ ನೋಡಿದ್ರಾ?”

“ನಿನ್ನ ಗಂಡನ್ನ ಕೇಳು. ಸಾಸಿವೆ ಜಾಗದಲ್ಲಿ ಬೂದು ಬಣ್ಣದ ಚೂರು ಹಾಕ್ಕೊಂಡು ಕೂತಿರ್ತಾನೆ,” ಎನ್ನುತ್ತಿದ್ದರು ಅತ್ತೆ ಇಂದಿರಮ್ಮ.

ಮನೆಯೊಳಗೆ ಇದೆಲ್ಲ ನಗೆಯ ಮಾತು. ಹೊರಗಿನವರಿಗೆ ಗೊತ್ತಾದರೆ ಮಾತ್ರ ಶ್ರೀಕಂಠನಿಗೆ ಪ್ರಾಣ ಹೋದಂತೆ. ಹಿಂದೆ ವಿಜಯವಾಡದಲ್ಲಿದ್ದಾಗ ಬೆಸೆಂಟ್ ರೋಡಿನ ಆಟಿಕೆ ಅಂಗಡಿಯಲ್ಲಿ ಆಫೀಸಿನ ಗುಮಾಸ್ತ ಎದುರಾಗಿ, “ಮೊಮ್ಮಗನಿಗಾ ಸರ್?” ಎಂದು ಕೇಳಿದ್ದಕ್ಕೆ, ಇಲ್ಲದ ಮೊಮ್ಮಗನಿಗೆ “ಹೂಂ” ಎಂದು ಬಂದಿದ್ದ. ವಿಶಾಖಪಟ್ಟಣಕ್ಕೆ ವರ್ಗವಾಗಿ ಪೆಂದುರ್ತಿಯ ಈ ಫ್ಲ್ಯಾಟಿಗೆ ಬಂದ ಮೇಲೆ ಇಟ್ಟಿಗೆಗಳೆಲ್ಲ ಕೊರಿಯರಿನಲ್ಲೇ ಬರುತ್ತಿದ್ದವು.

ಆ ವರ್ಷ ಕಟ್ಟಿದ್ದು ಒಂದು ಹಳೇ ಟೀವಿ, ಅದರ ಮುಂದೆ ಒಂದು ಗೇಮ್ ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳ ಎತ್ತಿ ಕ್ಯಾಸೆಟ್ ಇಳಿಸಬಹುದಿತ್ತು. ಟೀವಿಯ ಪಕ್ಕದ ಹಿಡಿ ತಿರುಗಿಸಿದರೆ ಕೊಂಡಿಗಳ ಪಟ್ಟಿಯೊಂದು ಸರಿದು, ಪರದೆಯ ಮೇಲೆ ಬೆರಳಿನಷ್ಟುದ್ದದ ಮನುಷ್ಯ ಗೋಡೆ ಹಾರಿ ಹಾರಿ ಹೋಗುತ್ತಿದ್ದ. ನಾಲ್ಕು ತಿಂಗಳ ಕೆಲಸ. ಮುಗಿದ ದಿನ ಹೆಂಡತಿ, ತಾಯಿ, ಎಂಟನೇ ಕ್ಲಾಸಿನ ಮಗಳು ಹರಿಣಿ, ಮೂವರನ್ನೂ ಕರೆದು ತೋರಿಸಿದ.

“ಚೆನ್ನಾಗಿದೆ ಅಪ್ಪ,” ಎಂದಳು ಹರಿಣಿ, ಬಗಲಲ್ಲಿ ಥ್ರೋಬಾಲ್ ಇಟ್ಟುಕೊಂಡೇ. ಅವಳು ಶಾಲೆಯ ಥ್ರೋಬಾಲ್ ತಂಡದ ಕ್ಯಾಪ್ಟನ್. ಅವಳಿಗೆ ಕೂತು ಮಾಡುವ ಯಾವ ಕೆಲಸವೂ ಆಗದು.

ಇಂದಿರಮ್ಮನಿಗೆ ಮಾತ್ರ ಟೀವಿ ಬಹಳ ಹಿಡಿಸಿತು. ನವರಾತ್ರಿ ಹತ್ತಿರದಲ್ಲೇ ಇತ್ತು. ಊರಿನ ಕ್ರಮದಂತೆ ದಸರೆಗೆ ಗೊಂಬೆ ಕೂರಿಸುವ ಅವರು, ಇಲ್ಲಿನವರು ಸಂಕ್ರಾಂತಿಗೆ ಕೂರಿಸುತ್ತಾರೆಂದು ತಿಳಿದ ಮೇಲೆ, ಎರಡು ಸಲವೂ ಕೂರಿಸತೊಡಗಿದ್ದರು. “ನಾಲ್ಕು ಜನ ಮನೆಗೆ ಬರೋದು ಯಾರಿಗೆ ಬೇಡ?” ಎನ್ನುವುದು ಅವರ ವಾದ. ಪಟ್ಟದ ಗೊಂಬೆಗಳು ಮೇಲೆ, ಶೆಟ್ಟಿ ದಂಪತಿಗಳು ಮಧ್ಯೆ, ಶ್ರೀಕಂಠನ ಟೀವಿ ಕೆಳಗಿನ ಮೆಟ್ಟಿಲಿನಲ್ಲಿ.

ನವರಾತ್ರಿಯ ಮೂರನೇ ದಿನ ಮೇಲಿನ ಮಹಡಿಯ ರಾಜ್ಯಶ್ರೀ ಅರಿಶಿನ ಕುಂಕುಮಕ್ಕೆ ಬಂದರು. ಇವರ ಗಂಡ ರಾಮ್‌ಪ್ರಸಾದ್, ಶ್ರೀಕಂಠನ ರೀಜನಲ್ ಮ್ಯಾನೇಜರ್. ಗೊಂಬೆಗಳನ್ನೆಲ್ಲ ಸಾಲಾಗಿ ನೋಡುತ್ತ ಬಂದವರು ಕೆಳಗೆ ಬಗ್ಗಿ ಹಿಡಿ ತಿರುಗಿಸಿ, “ಅಬ್ಬಾ! ಇದೆವರು ಚೇಶಾರಂಡಿ?” ಎಂದು ಕೇಳಿದರು.

ಇಂದಿರಮ್ಮ ಬಾಯಿ ತೆರೆಯುವ ಮೊದಲೇ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಚ್ಚಲಿಂದ ಬರುತ್ತಿದ್ದ ಶ್ರೀಕಂಠ ಹೇಳಿಬಿಟ್ಟ. “ನಮ್ಮ ಹರಿಣಿ, ಮೇಡಂ. ಅವಳಿಗೆ ಅದೇ ಹುಚ್ಚು.”

ಹರಿಣಿ ಕೋಸಂಬರಿಯ ತಟ್ಟೆ ಹಿಡಿದು ನಿಂತಿದ್ದಳು. ಅಪ್ಪನ ಮುಖ ನೋಡಿದಳು. ರಾಜ್ಯಶ್ರೀ ಅವಳ ಕೆನ್ನೆ ಹಿಂಡಿ, “ಬಂಗಾರು ತಲ್ಲಿ!” ಎಂದರು. ಅವಳು ಸುಮ್ಮನೆ ನಕ್ಕಳು.

ಅವರು ಹೋದ ಮೇಲೆ ಸುಲೋಚನಾ ಕೇಳಿದಳು. “ಇದೇನ್ರೀ ಇದು?”

“ಒಂದು ಮಾತಿಗೆ ಹೇಳ್ದೆ ಬಿಡು. ಆರ್.ಎಂ. ಹೆಂಡತಿ ಮುಂದೆ ನಾನು ಆಟದ ಸಾಮಾನು ಮಾಡ್ತೀನಿ ಅಂತ ಹೇಳ್ಕೊಳ್ಳಲಾ? ನಾಳೆ ಆಫೀಸಲ್ಲಿ ತಲೆ ಎತ್ತೋದು ಬೇಡ್ವಾ?”

ವಿಜಯದಶಮಿಯ ಮಾರನೆಯ ದಿನ ಇಂದಿರಮ್ಮ ಗೊಂಬೆಗಳನ್ನು ಹಳೇ ಸೀರೆಯ ಚೂರಿನಲ್ಲಿ ಸುತ್ತಿ ಡಬ್ಬಗಳಿಗೆ ಹಾಕುತ್ತಿದ್ದರು. ಒಂದೊಂದು ಡಬ್ಬಕ್ಕೂ ಒಂದೊಂದು ಚೀಟಿ. ಯಾವ ಗೊಂಬೆ ಯಾರು ಕೊಟ್ಟದ್ದು, ಯಾರು ಮಾಡಿದ್ದು ಎಂದು ಬರೆದಿಡುವುದು ಅವರ ಅತ್ತೆಯ ಕಾಲದಿಂದ ಬಂದ ಪದ್ಧತಿ.

“ಟೀವಿಗೆ ಯಾರ ಹೆಸರು ಬರೀಲಪ್ಪಾ?”

“ಹರಿಣಿ ಅಂತ್ಲೇ ಬರಿ. ಮುಂದಿನ ಸಲ ಯಾರಾದ್ರೂ ಓದಿದ್ರೆ ಕಷ್ಟ.”

“ದೇವರ ಮುಂದೆ ಕೂರಿಸೋ ವಸ್ತು. ನಾನು ಸುಳ್ಳು ಬರೆಯಲ್ಲ,” ಎಂದು ಇಂದಿರಮ್ಮ ಚೀಟಿಯನ್ನು ಖಾಲಿಯಾಗಿಯೇ ಅಂಟಿಸಿದರು.

ಶ್ರೀಕಂಠ ಹೇಳಿದ ಆ ಒಂದು ಮಾತು ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಯಿತು, ಅಲ್ಲಿಂದ ಆಫೀಸಿಗೆ ಬಂತು. ನವೆಂಬರಿನಲ್ಲಿ ರಾಮ್‌ಪ್ರಸಾದ್ ಅವನನ್ನು ಕ್ಯಾಬಿನ್ನಿಗೆ ಕರೆದು, “ಶ್ರೀಕಂಠಗಾರು, ಡಿಸೆಂಬರಲ್ಲಿ ವಿಜಯವಾಡದಲ್ಲಿ ಝೋನಿನ ಫ್ಯಾಮಿಲಿ ಡೇ. ಸಿಬ್ಬಂದಿ ಮಕ್ಕಳ ಪ್ರತಿಭಾ ಪ್ರದರ್ಶನಕ್ಕೆ ನಮ್ಮ ಕಡೆಯಿಂದ ನಿಮ್ಮ ಹುಡುಗಿ ಹೆಸರು ಕೊಟ್ಟಿದ್ದೀನಿ. ಹಾಡು, ಡ್ಯಾನ್ಸು ಎಲ್ಲರೂ ಮಾಡ್ತಾರೆ. ಇದು ಹೊಸದು. ಸ್ಟೇಜ್ ಮೇಲೆ ಬಿಚ್ಚಿ, ಮತ್ತೆ ಜೋಡಿಸಿ ತೋರಿಸಲಿ. ಹತ್ತು ನಿಮಿಷ ಕೊಡ್ತಾರೆ,” ಎಂದರು.

ಬೇಡ ಎನ್ನಲು ಅಲ್ಲೇ ಅವಕಾಶವಿತ್ತು. ಶ್ರೀಕಂಠ “ಥ್ಯಾಂಕ್ಯೂ ಸರ್” ಎಂದು ಹೊರಗೆ ಬಂದ.

ಆ ರಾತ್ರಿ ಊಟಕ್ಕೆ ಗೊಂಗೂರ ಪಪ್ಪು, ಅನ್ನ. ವಿಷಯ ಕೇಳಿ ಹರಿಣಿ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟಳು. “ಯಾವ ದಿನ?”

“ಹದಿಮೂರು. ಶನಿವಾರ.”

“ಅವತ್ತೇ ಅಪ್ಪ ಭೀಮಿಲಿಯಲ್ಲಿ ನಮ್ಮ ಮ್ಯಾಚ್! ಇಂಟರ್ ಸ್ಕೂಲ್ ಫೈನಲ್ಲು! ನಾನು ಕ್ಯಾಪ್ಟನ್ನು.”

“ಒಂದು ಮ್ಯಾಚ್ ಪುಟ್ಟ. ಮುಂದಿನ ವರ್ಷ ಆಡಬಹುದು.”

“ನೀನೇ ಹೋಗಿ ಕಟ್ಟು. ನೀನು ಮಾಡಿದ್ದಲ್ವಾ?”

“ಬಾಯಿಗೆ ಬಂದ ಹಾಗೆ ಮಾತಾಡಬೇಡ.”

“ಅವಳು ಹೇಳಿದ್ರಲ್ಲಿ ಏನು ತಪ್ಪಿದೆ?” ಎಂದಳು ಸುಲೋಚನಾ, ಮಜ್ಜಿಗೆ ಬಡಿಸುತ್ತ. “ನಾಳೆ ಹೋಗಿ, ‘ಸರ್, ಅದು ನಂದು’ ಅಂತ ಹೇಳಿ. ನಗ್ತಾರೆ, ಬಿಡ್ತಾರೆ.”

“ಈಗ ಹೇಳಿದ್ರೆ ಇಷ್ಟು ದಿನ ಸುಳ್ಳು ಹೇಳಿದ್ದು ಅಂತಾಗುತ್ತೆ.”

“ಸುಳ್ಳೇ ತಾನೇ?”

ಶ್ರೀಕಂಠ ಕೈ ತೊಳೆಯಲು ಎದ್ದ. ಇಂದಿರಮ್ಮ ಮೊಮ್ಮಗಳ ತಟ್ಟೆಗೆ ಒಂದು ಹಪ್ಪಳ ಇಟ್ಟರು. ಅವಳು ಮುಟ್ಟಲಿಲ್ಲ.

ಮುಂದಿನ ಮೂರು ವಾರ ಮನೆಯಲ್ಲಿ ಅದೇ ಕೆಲಸ. ಹರಿಣಿ ಶಾಲೆ ಮುಗಿಸಿ ಗ್ರೌಂಡಿಗೆ ಹೋಗುವ ಬದಲು ಮನೆಗೆ ಬರಬೇಕು, ಹಾಲು ಕುಡಿದು ಒಳಕೋಣೆಯಲ್ಲಿ ಕೂರಬೇಕು. ಶ್ರೀಕಂಠ ಆಫೀಸಿನಿಂದ ಬರುವಷ್ಟರಲ್ಲಿ ಅವಳು ಪರದೆಯ ಚೌಕಟ್ಟು ಒಮ್ಮೆ ಬಿಚ್ಚಿ ಕಟ್ಟಿರಬೇಕು. ಒಗ್ಗರಣೆ ಡಬ್ಬಿಯನ್ನು ಸುಲೋಚನಾ ವಾಪಸು ಕಿತ್ತುಕೊಂಡಿದ್ದಳು. ಅದರ ಬದಲು ಮೊಸರಿನ ಖಾಲಿ ಡಬ್ಬಗಳು ಸಾಲಾಗಿ ಕೂತಿದ್ದವು.

“ಇಟ್ಟಿಗೆ ಮೇಲಿನ ಬುಗುಟು ಎಣಿಸು. ಎಂಟು ಬುಗುಟಿನ ಪಟ್ಟಿ ಕೆಳಗೆ, ಆರು ಬುಗುಟಿಂದು ಮೇಲೆ.”

“ತೆಲುಸು ಅಪ್ಪ. ನೂರು ಸಲ ಹೇಳಿದ್ದೀಯ.”

“ಕನ್ನಡದಲ್ಲಿ ಹೇಳು.”

“ಗೊತ್ತು! ಗೊತ್ತು! ಸಾಕಾ?”

ಬಾಗಿಲಾಚೆ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಚೆಂಡಿನ ಸದ್ದಾದಾಗಲೆಲ್ಲ ಅವಳ ಕತ್ತು ಕಿಟಕಿಯ ಕಡೆ ತಿರುಗುತ್ತಿತ್ತು. ತನ್ನ ಮಗಳು ಒಂದು ಕಿಟಕಿಯೊಳಗೆ ಕೂತು ಹೊರಗಿನ ಆಟ ನೋಡುತ್ತಿದ್ದಾಳೆ ಎಂಬುದು ಶ್ರೀಕಂಠನಿಗೂ ಕಾಣದೆ ಇರಲಿಲ್ಲ. ಕಂಡು ನಾಚಿಕೆಯೂ ಆಯಿತು. ಆದರೂ “ಇಲ್ಲಿ ನೋಡು” ಎಂದೇ ಹೇಳಿದ.

ಒಂದು ಮಾತು ಮಾತ್ರ ಹೇಳಿಕೊಡಲು ಅವನಿಗೆ ಹೊಳೆಯಲಿಲ್ಲ. ಟೀವಿಯೊಳಗಿನ ಕೊಂಡಿಗಳ ಪಟ್ಟಿ ಲೆಕ್ಕಕ್ಕೆ ಸರಿಯಾಗಿ ಮೂವತ್ತೆಂಟು ಕೊಂಡಿಯದಾದರೂ, ಇಟ್ಟಿಗೆ ಹೊಸದಾಗಿ ಒತ್ತಿದಾಗ ಚೌಕಟ್ಟು ಬಿಗಿಯಾಗಿ ಪಟ್ಟಿ ಕಚ್ಚಿಕೊಳ್ಳುತ್ತಿತ್ತು. ಆಗ ಒಂದು ಕೊಂಡಿ ತೆಗೆದು, ಅಂಚನ್ನು ಸ್ವಲ್ಪ ಸರಿಸಿ ಹಾಕಬೇಕು. ಅಭ್ಯಾಸದ ಕೊನೆಯಲ್ಲಿ ಹಿಡಿ ತಿರುಗಿಸಿ ನೋಡುವುದು ಯಾವಾಗಲೂ ಅವನೇ. ಕಚ್ಚಿಕೊಂಡರೆ ಅವನ ಬೆರಳೇ ಸರಿಮಾಡಿಬಿಡುತ್ತಿತ್ತು. ಅಡುಗೆ ಮಾಡುವವರು ಉಪ್ಪು ಹಾಕುವ ಹಾಗೆ, ಹಾಕಿದ್ದು ಅವನಿಗೇ ನೆನಪಿರುತ್ತಿರಲಿಲ್ಲ.

ಶುಕ್ರವಾರ ಬೆಳಗಿನ ರೈಲಿಗೆ ನಾಲ್ವರೂ ವಿಜಯವಾಡಕ್ಕೆ ಹೊರಟರು. ಟೀವಿಯನ್ನು ಇಂದಿರಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಹರಿಣಿ ತುನಿ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ತಂಡದ ಹುಡುಗಿಯರ ಮೆಸೇಜುಗಳನ್ನು ಓದುತ್ತ ಕೂತಳು.

ಶನಿವಾರ ಮಧ್ಯಾಹ್ನ. ಕಲ್ಯಾಣ ಮಂಟಪದಂಥ ಹಾಲು, ಮುನ್ನೂರು ಜನ. ಒಬ್ಬ ಹುಡುಗ ಕೀಬೋರ್ಡ್ ನುಡಿಸಿದ, ಇಬ್ಬರು ಹುಡುಗಿಯರು ಕೂಚಿಪೂಡಿ ಮಾಡಿದರು. ಆಮೇಲೆ ಹರಿಣಿ. ಮೇಜಿನ ಮೇಲೆ ಟೀವಿ, ಮುಂದೆ ಮೊಸರಿನ ಡಬ್ಬಗಳು. ಅವಳು ಪರದೆಯ ಚೌಕಟ್ಟನ್ನು ಚಕಚಕನೆ ಬಿಚ್ಚಿದಳು, ಚಕಚಕನೆ ಕಟ್ಟಿದಳು. ಚೌಕಟ್ಟು ಕೂತಿತು, ಪಟ್ಟಿ ಕೂತಿತು, ಪುಟ್ಟ ಮನುಷ್ಯ ಪರದೆಯ ಮೇಲೆ ನಿಂತ. ಎರಡನೇ ಸಾಲಿನಲ್ಲಿ ಕೂತ ಶ್ರೀಕಂಠ ನಿರಾಳವಾಗಿ ಬೆನ್ನು ಒರಗಿಸಿದ.

ಹರಿಣಿ ಹಿಡಿ ತಿರುಗಿಸಿದಳು. ತಿರುಗಲಿಲ್ಲ.

ಇನ್ನೊಮ್ಮೆ ತಿರುಗಿಸಿದಳು. ಒಳಗೆ ಕರ್ ಎಂದಿತೇ ಹೊರತು ಮನುಷ್ಯ ಅಲ್ಲಾಡಲಿಲ್ಲ. ಪಟ್ಟಿ ತೆಗೆದಳು, ಕೊಂಡಿ ಎಣಿಸಿದಳು, ಮತ್ತೆ ಹಾಕಿದಳು. ಮತ್ತೆ ಕಚ್ಚಿಕೊಂಡಿತು. ಹಿಂದಿನಿಂದ ಯಾರೋ ಮಕ್ಕಳು ಕಿಸಕ್ಕನೆ ನಕ್ಕರು. ಅವಳು ಕತ್ತೆತ್ತಿ ನೇರವಾಗಿ ಅಪ್ಪನನ್ನು ನೋಡಿದಳು.

ಒಂದು ಕೊಂಡಿ ತೆಗಿ. ಮೂರು ಮಾತು. ಅದು ಶ್ರೀಕಂಠನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಮುನ್ನೂರು ಜನಕ್ಕೂ ತಿಳಿಯುತ್ತದೆ, ಇದು ಯಾರ ಕೈಕೆಲಸವೆಂದು. ಅವನು ಕಣ್ಣು ತಗ್ಗಿಸಿ ಮೊಬೈಲಿನಲ್ಲಿ ಏನೋ ನೋಡುವವನಂತೆ ಕೂತ. ಪಕ್ಕದಲ್ಲಿ ಕೂತಿದ್ದ ಸುಲೋಚನಾ ಮೊಣಕೈಯಿಂದ ತಿವಿದಳು. ಅವನು ಅಲುಗಲಿಲ್ಲ.

“ಏಮಂಡಿ ಶ್ರೀಕಂಠಗಾರು!” ರಾಮ್‌ಪ್ರಸಾದ್ ಮುಂದಿನ ಸಾಲಿನಿಂದ ತಿರುಗಿ ನಗುತ್ತ ಕೂಗಿದರು. “ನೀವು ಮಾಡಿಕೊಟ್ಟು ಮಗಳ ಹೆಸರು ಹೇಳಿದ್ರಾ ಹೇಗೆ?”

ಹಾಲು ನಕ್ಕಿತು. ಅದು ಬರೀ ತಮಾಷೆ. ನಕ್ಕು “ಹೌದು ಸರ್” ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ. “ಛೆ ಛೆ, ಇಲ್ಲ ಸರ್. ಮನೇಲಿ ಚೆನ್ನಾಗೇ ಮಾಡ್ತಾಳೆ. ಜನ ನೋಡಿದ್ರೆ ಸ್ವಲ್ಪ ಹೆದರ್ತಾಳೆ, ಅಷ್ಟೇ.”

ಜೀವಮಾನದಲ್ಲಿ ಯಾರಿಗೂ ಹೆದರದ ಹುಡುಗಿ ಚೌಕಟ್ಟನ್ನು ಮತ್ತೆ ಬಿಚ್ಚಿ, ಇಟ್ಟಿಗೆಗಳನ್ನು ಡಬ್ಬಕ್ಕೆ ತುಂಬಿ, ಸ್ಟೇಜಿನಿಂದ ಇಳಿದುಬಂದಳು. ಯಾರೋ ಪಾಪ ಎಂದು ಚಪ್ಪಾಳೆ ತಟ್ಟಿದರು.

ಊಟಕ್ಕೆ ಪುಳಿಹೊರ, ಬೊಬ್ಬಟ್ಟು ಎಲ್ಲ ಇತ್ತು. ಹರಿಣಿ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಶ್ರೀಕಂಠ ತಟ್ಟೆ ಹಿಡಿದು ಹೋಗಿ, “ತಿನ್ನು ಪುಟ್ಟ,” ಎಂದ.

“ಗೆದ್ರು,” ಎಂದಳು, ಫೋನಿನಿಂದ ತಲೆಯೆತ್ತದೆ. “ನನ್ನ ಜಾಗದಲ್ಲಿ ಹಾರಿಕಾ ಕ್ಯಾಪ್ಟನ್ ಆಗಿದ್ಲು. ಇನ್ಮೇಲೆ ಅವಳೇ ಅಂತೆ.”

ಅವನು ತಟ್ಟೆಯನ್ನು ಅವಳ ಪಕ್ಕದಲ್ಲಿಟ್ಟು ಹಿಂದಿರುಗಿದ. ವಾಪಸು ಬರುವ ರೈಲಿನಲ್ಲಿ ಮೊಸರನ್ನದ ಪೊಟ್ಟಣ ಕೈಗೆ ಕೊಡುತ್ತ ಸುಲೋಚನಾ ಮೆಲ್ಲಗೆ, ಆದರೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

“ನಿಮ್ಮ ಇಟ್ಟಿಗೆ ನೋಡಿ ನಾನು ನಗ್ತಿದ್ದೆ ನಿಜ. ಮನೆಯೊಳಗೆ ನಗ್ತಿದ್ದೆ. ನೀವು ಮಗಳನ್ನ ಊರಿನ ಮುಂದೆ ನಗೆಪಾಟಲು ಮಾಡಿದ್ರಿ.”

ಶ್ರೀಕಂಠ ಪೊಟ್ಟಣವನ್ನು ಪಕ್ಕಕ್ಕಿಟ್ಟ. ತನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಅವನು ಕತ್ತಲಾದ ಕಿಟಕಿಯ ಕಡೆ ತಿರುಗಿದ. ಗಾಜಿನಲ್ಲಿ ಅದೇ ಮುಖ ಕಂಡಿತು.

ಆಮೇಲಿನ ಭಾನುವಾರಗಳಲ್ಲಿ ಒಳಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಶ್ರೀಕಂಠ ಸಿಲಿಂಡರ್ ಎತ್ತಿಟ್ಟ, ನೀರಿನ ಕ್ಯಾನ್ ತಂದ, ಹೇಳದೆಯೇ ಸೊಪ್ಪು ಬಿಡಿಸಿದ. ಇಟ್ಟಿಗೆಯ ಚೀಲ ವಿಜಯವಾಡದಿಂದ ಬಂದ ಹಾಗೇ ಮಂಚದ ಕೆಳಗೆ ಬಿದ್ದಿತ್ತು. ಹರಿಣಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಹೊಸ ಕ್ಯಾಪ್ಟನ್ನಿನ ತಂಡದಲ್ಲಿ ಕೊನೆಯ ಸಾಲಿನಲ್ಲಿ ಆಡಿ, ಬಂದು, ಒಳಕೋಣೆಯಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಮನಸ್ಸಿನಲ್ಲೇ ಶ್ರೀಕಂಠ ಒಂದು ತೀರ್ಮಾನಕ್ಕೆ ಬಂದಿದ್ದ. ಸಂಕ್ರಾಂತಿಗೆ ಆರ್.ಎಂ. ಮನೆಯವರು ಗೊಂಬೆ ನೋಡಲು ಬಂದೇ ಬರುತ್ತಾರೆ. ಅವರ ಮುಂದೆಯೇ ಹೇಳಿಬಿಡುವುದು. ಏನಾದರಾಗಲಿ.

ಇಂದಿರಮ್ಮ ಗೊಂಬೆ ಕೂರಿಸುವಾಗ ಮಂಚದ ಕೆಳಗಿನ ಚೀಲ ತರಿಸಿದರು. ಬಿಚ್ಚಿ ತಂದಿದ್ದ ಟೀವಿ ಪೂರ್ತಿ ಜೋಡಿಸಿಯೇ ಇತ್ತು. ಅವರೇ ಏನೂ ಕೇಳದೆ ಕೆಳಗಿನ ಮೆಟ್ಟಿಲಿನಲ್ಲಿಟ್ಟರು.

ಹಬ್ಬದ ಸಂಜೆ ರಾಮ್‌ಪ್ರಸಾದ್ ದಂಪತಿಗಳು ಅರಿಸೆಲು ಎಂಬ ಕಜ್ಜಾಯ ಹಿಡಿದು ಬಂದರು. ಕಾಫಿಯಾಯಿತು. ರಾಮ್‌ಪ್ರಸಾದ್ ಟೀವಿಯ ಕಡೆ ಬೆರಳು ತೋರಿಸಿ, “ಏನಮ್ಮಾ ಹರಿಣಿ, ಈಗಲಾದರೂ ತಿರುಗುತ್ತಾ?” ಎಂದು ನಕ್ಕರು.

ಶ್ರೀಕಂಠ ಎದ್ದು ನಿಂತ. “ಸರ್, ಅದು ಅವಳು ಮಾಡಿದ್ದಲ್ಲ. ನಾನು ಮಾಡಿದ್ದು. ಮೊದಲಿಂದಲೂ ನಾನೇ. ಅವತ್ತು ಅವಳ ತಪ್ಪೇನೂ ಇರಲಿಲ್ಲ.”

ಸುಲೋಚನಾ ಕಾಫಿ ಲೋಟ ಹಿಡಿದಲ್ಲೇ ನಿಂತಳು. ರಾಜ್ಯಶ್ರೀ ಹರಿಣಿಯ ಕಡೆ ತಿರುಗಿ, “ನಿಜಮಾ ತಲ್ಲಿ?” ಎಂದು ಕೇಳಿದರು.

“ಕಾದು ಆಂಟಿ. ನೇನೇ ಚೇಶಾನು,” ಎಂದಳು ಹರಿಣಿ, ಅಲ್ಲ, ನಾನೇ ಮಾಡಿದ್ದು ಎಂದು, ಸ್ಪಷ್ಟವಾದ ತೆಲುಗಿನಲ್ಲಿ. “ನನಗೆ ಬೇಜಾರಾಗಬಾರದು ಅಂತ ಅಪ್ಪ ಹಾಗೆ ಹೇಳ್ತಾರೆ.”

ಹೇಳಿದವಳೇ ಗೊಂಬೆಗಳ ಮುಂದೆ ಕೂತು ಹಿಡಿ ತಿರುಗಿಸಿದಳು. ಕಚ್ಚಿಕೊಂಡೇ ಇತ್ತು. ಅವಳು ಟೀವಿಯ ಹಿಂಬದಿ ತೆಗೆದು, ಉಗುರಿನಿಂದ ಒಂದು ಕೊಂಡಿ ಬಿಡಿಸಿ, ಅಂಚನ್ನು ಸ್ವಲ್ಪ ಸರಿಸಿ ಮುಚ್ಚಿದಳು. ಪುಟ್ಟ ಮನುಷ್ಯ ಒಂದು ಗೋಡೆ ಹಾರಿದ, ಇನ್ನೊಂದು ಹಾರಿದ.

“ಶಭಾಷ್!” ರಾಮ್‌ಪ್ರಸಾದ್ ಚಪ್ಪಾಳೆ ತಟ್ಟಿದರು. ಎದ್ದು ಬಂದು ಶ್ರೀಕಂಠನ ಕೈ ಹಿಡಿದು ಕುಲುಕಿದರು. “ಮಗಳ ಸೋಲನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ಳೋಕೆ ಹೊರಟಿರಲ್ಲ, ತಂದೆ ಅಂದ್ರೆ ಹೀಗಿರಬೇಕು.”

ರಾಜ್ಯಶ್ರೀಯ ಕಣ್ಣು ತುಂಬಿ ಬಂದಿತ್ತು. ಶ್ರೀಕಂಠ ಆ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲಾರದೆ ನಿಂತಿದ್ದ. ಅಷ್ಟು ಹೊಗಳಿಕೆಯನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಹೋದ ಮೇಲೆ ಹರಿಣಿ ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದಳು. ಶ್ರೀಕಂಠ ಹೋಗಿ ಪಕ್ಕದಲ್ಲಿ ನಿಂತ.

“ಯಾಕೆ ಹಾಗಂದೆ?”

“ನೀನು ಮಾಡಿದ್ದು ಅಂದ್ರೆ, ಇಷ್ಟು ದಿನ ಸುಳ್ಳಿ ಯಾರಾಗ್ತಾರೆ? ನಾನು. ಸ್ಟೇಜ್ ಮೇಲೆ ನಿಂತಿದ್ದು ನಾನು ತಾನೇ? ನಿನಗೇನು, ಅಯ್ಯೋ ಇಷ್ಟು ದೊಡ್ಡವರು ಆಟದ ಸಾಮಾನು ಕಟ್ತಾರಾ ಅಂತ ಒಂದ್ಸಲ ನಗ್ತಾರೆ, ಮುಗೀತು.” ಅವಳು ನಲ್ಲಿ ನಿಲ್ಲಿಸಿದಳು. “ಅಪ್ಪ, ಒಂದು ಕೇಳ್ತೀನಿ. ಒಂದು ಕೊಂಡಿ ತೆಗೀಬೇಕು ಅನ್ನೋದು ನಾನು ಆಮೇಲೆ ಒಬ್ಬಳೇ ಕೂತು ಕಂಡುಹಿಡಿದೆ. ಹೋಂವರ್ಕ್ ಮಾಡ್ತೀನಿ ಅಂತ ಕೂತಿದ್ನಲ್ಲ, ಆವಾಗ. ಮತ್ತೆ ಮೊದಲಿನ ಹಾಗೇ ಕಚ್ಚಿಸಿ ಇಟ್ಟಿದ್ದೆ. ಅವತ್ತು ವಿಜಯವಾಡದಲ್ಲಿ ನಿನಗೆ ಅದು ಗೊತ್ತಿತ್ತಾ?”

ಗೊತ್ತಿರಲಿಲ್ಲ ಎನ್ನಬಹುದಿತ್ತು. ಮರೆತುಹೋಗಿತ್ತು ಎನ್ನಬಹುದಿತ್ತು.

“ಗೊತ್ತಿತ್ತು,” ಎಂದ ಶ್ರೀಕಂಠ.

ಹರಿಣಿ ತಲೆಯಾಡಿಸಿದಳು. ತೊಳೆದ ಲೋಟವನ್ನು ಅವನ ಕೈಗೆ ಕೊಟ್ಟಳು. ಅವನು ಒರೆಸಿ ಕಪಾಟಿನಲ್ಲಿಟ್ಟ. ಹೀಗೆ ಆರು ಲೋಟಗಳಾದವು.

ಸಂಕ್ರಾಂತಿಯ ಮರುದಿನದ ಕನುಮ ಹಬ್ಬವೂ ಮುಗಿದ ಮಾರನೆಯ ದಿನ ಇಂದಿರಮ್ಮ ಗೊಂಬೆಗಳನ್ನು ಸುತ್ತಿ ಡಬ್ಬಕ್ಕಿಟ್ಟರು. ಎಲ್ಲ ಮುಗಿದು ಟೀವಿ ಉಳಿಯಿತು. ಅದರ ಡಬ್ಬದ ಚೀಟಿ ದಸರೆಯಿಂದ ಖಾಲಿಯೇ ಇತ್ತು.

“ಈಗಲಾದರೂ ಹೇಳ್ರಪ್ಪಾ. ಯಾರ ಹೆಸರು?”

ಶ್ರೀಕಂಠ ಮಗಳನ್ನು ನೋಡಿದ. ಹರಿಣಿ ಥ್ರೋಬಾಲಿನ ಶೂಗೆ ಲೇಸು ಕಟ್ಟುತ್ತ, ತಲೆ ಎತ್ತದೆಯೇ ಹೇಳಿದಳು. “ನಂದೇ ಬರಿ ಅಜ್ಜಿ. ಎಲ್ಲರಿಗೂ ಹಾಗೇ ಗೊತ್ತಲ್ಲ.”

“ನಾನು ಬರೆಯಲ್ಲಮ್ಮ,” ಎಂದರು ಇಂದಿರಮ್ಮ. ಪೆನ್ನನ್ನು ಮಗನ ಮುಂದೆ ಹಿಡಿದರು. “ನೀನು ಬರಿ.”

ಶ್ರೀಕಂಠ ಪೆನ್ನು ತೆಗೆದುಕೊಂಡ. ಸಾವಿರಾರು ಕಾಗದಗಳ ಮೇಲೆ ಯೋಚಿಸದೆ ಸಹಿ ಹಾಕಿದ ಕೈ ಆ ಅಂಗೈಯಗಲದ ಚೀಟಿಯ ಮೇಲೆ ಬಹಳ ಹೊತ್ತು ನಿಂತಿತು. ಹೊರಗೆ ಅಂಗಳದಲ್ಲಿ ಯಾರೋ “ಹರಿಣೀ, ದಾ!” ಎಂದು ಆಟಕ್ಕೆ ಕರೆದರು. ಅವಳು ಎದ್ದು ಓಡಿದಳು. ಅವನು ನೆಲದ ಮೇಲೆ ಕೂತು, ಚಿಕ್ಕ ಮಗು ಅಕ್ಷರ ತಿದ್ದುವ ಹಾಗೆ ನಿಧಾನವಾಗಿ, ಮಗಳ ಹೆಸರು ಬರೆದ.